ಆಗಾಗ ಆಫ್ ಆಗುತ್ತಿದ್ದ ಕಂಪ್ಯೂಟರ್ ಈಗ ಆನ್ ಆಗ್ತಾನೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಏಳು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಈ ಮಳೆಗಾಲ ಶುರುವಾದಾಗಿನಿಂದ ಕೆಲಸದ ಮಧ್ಯೆ ಥಟ್ಟನೆ ಆಫ್ ಆಗುತ್ತಿತ್ತು. ಒಂದೆರಡು ಸಲ ನೀಲಿ ಪರದೆಯೂ ಬಂತು. ಈಗ ಬಟನ್ ಒತ್ತಿದರೆ ಫ್ಯಾನ್ ಒಂದು ಕ್ಷಣ ತಿರುಗಿ ನಿಲ್ಲುತ್ತದೆ. ಕೆಲವು ಸಲ ತಿರುಗುತ್ತಲೇ ಇರುತ್ತದೆ, ಆದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಅಂಗಡಿಯವರು ‘ಮದರ್‌ಬೋರ್ಡ್ ಹೋಗಿರಬೇಕು, ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡ್ಬೇಕು’ ಅಂದರು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಎಷ್ಟೋ ವರ್ಷದ ಫೈಲ್‌ಗಳು ಅದರಲ್ಲೇ ಇವೆ. ಅಂಗಡಿಗೆ ಕೊಡುವ ಮೊದಲು ನಾನೇ ಏನಾದರೂ ನೋಡಬಹುದಾ?

ಉತ್ತರ: ಖಂಡಿತ ನೋಡಬಹುದು. ಅದಕ್ಕೂ ಮೊದಲು ಆ ಬಟನ್ ಒತ್ತುವುದನ್ನು ನಿಲ್ಲಿಸಿ, ಪ್ಲಗ್ ಕಿತ್ತಿಡಿ. ಹತ್ತು ಸಲ ಒತ್ತಿದರೆ ಹನ್ನೊಂದನೇ ಸಲಕ್ಕೆ ಆನ್ ಆಗಬಹುದು ಅಂತ ಎಲ್ಲರೂ ಪ್ರಯತ್ನಿಸುತ್ತಾರೆ. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಪ್ರತಿ ಸಲ ಒತ್ತಿದಾಗಲೂ ಅದರ ಪೆಟ್ಟು ಬೇರೆ ಭಾಗಗಳಿಗೂ ಬೀಳುತ್ತದೆ.

ಫೈಲ್‌ಗಳ ಬಗ್ಗೆ ನಿಮಗಿರುವ ಭಯವನ್ನು ಮೊದಲು ಸ್ವಲ್ಪ ಕಡಿಮೆ ಮಾಡುತ್ತೇನೆ. ನಿಮ್ಮ ಫೈಲ್‌ಗಳು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಮದರ್‌ಬೋರ್ಡ್ ಪೂರ್ತಿ ಸತ್ತರೂ ಅವು ಅಲ್ಲೇ ಇರುತ್ತವೆ. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಬೇರೆ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಪೆನ್ ಡ್ರೈವ್ ತೆರೆದಂತೆಯೇ ತೆರೆದುಕೊಳ್ಳುತ್ತದೆ. ನೀವು ಬರೆದ ಲಕ್ಷಣಗಳಲ್ಲಿ ಡಿಸ್ಕ್ ಕೆಟ್ಟಿದೆ ಅನ್ನುವ ಸುಳಿವು ನನಗೆ ಒಂದೂ ಕಾಣಲಿಲ್ಲ.

ಇನ್ನು ಆ ‘ಫಾರ್ಮ್ಯಾಟ್’ ಮಾತು. ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿರುವುದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ನಿಮ್ಮ ಕಂಪ್ಯೂಟರ್ ಡಿಸ್ಕ್‌ನವರೆಗೆ ಹೋಗುತ್ತಲೇ ಇಲ್ಲ. ಬಟನ್ ಒತ್ತಿದ ಮೇಲೆ ಮೊದಲು ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಇಳಿಸಿ ಕೊಡುವ ಡಬ್ಬ) ಸರಿಯಾದ ವೋಲ್ಟೇಜ್ ಕೊಡಬೇಕು. ಅದು ಸ್ಥಿರವಾಗಿದೆ ಅಂತ ಬೋರ್ಡ್‌ಗೆ ಸಿಗ್ನಲ್ ಹೋದ ಮೇಲೆ ಪ್ರೊಸೆಸರ್ ಎಚ್ಚರವಾಗುತ್ತದೆ. ಬೋರ್ಡ್‌ನಲ್ಲೇ ಇರುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ) ಇದೆಯಾ ಅಂತ ನೋಡುತ್ತದೆ, ಆಮೇಲೆ ಡಿಸ್‌ಪ್ಲೇ. ಇಷ್ಟೆಲ್ಲ ಆದ ಮೇಲಷ್ಟೇ ಡಿಸ್ಕ್, ಅದರೊಳಗಿನ ವಿಂಡೋಸ್. ಮಾನಿಟರ್‌ನಲ್ಲಿ ಬೋರ್ಡ್ ಕಂಪನಿಯ ಹೆಸರು ಕೂಡ ಬರುತ್ತಿಲ್ಲ ಅಂದರೆ ವಿಂಡೋಸ್‌ಗೆ ಇನ್ನೂ ಸರದಿಯೇ ಬಂದಿಲ್ಲ. ಸರದಿ ಬಾರದವರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಹೀಗಿರುವಾಗ ಯಾರಾದರೂ ಫಾರ್ಮ್ಯಾಟ್ ಅಂದರೆ ದಯವಿಟ್ಟು ಒಪ್ಪಬೇಡಿ. ಈ ರಾಜ್ಯದಲ್ಲಿ ಎಷ್ಟು ಮನೆಯ ಮದುವೆ ಫೋಟೋ, ಎಷ್ಟು ಜನರ ಹಸ್ತಪ್ರತಿ ಹೀಗೆ ಸುಮ್ನೆ ಅಳಿಸಿಹೋಗಿವೆಯೋ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ನನ್ನ ಅನುಮಾನ ಮೊದಲು ಕರೆಂಟಿನ ದಾರಿಯ ಮೇಲೆ, ಆಮೇಲೆ ರ‍್ಯಾಮ್ ಮೇಲೆ. ಮದರ್‌ಬೋರ್ಡ್ ಕೊನೆಗೆ. ಯಾಕೆ ಅಂತ ಹೇಳುತ್ತೇನೆ. ನೀಲಿ ಪರದೆ ಬರಬೇಕಾದರೆ ಕಂಪ್ಯೂಟರ್ ಬದುಕಿರಬೇಕು. ವಿಂಡೋಸ್‌ಗೆ ತಪ್ಪು ಕಂಡು, ಅದನ್ನು ಬರೆದಿಟ್ಟುಕೊಂಡು, ಪರದೆಗೆ ಹಾಕುವಷ್ಟು ಸಮಯ ಸಿಕ್ಕಿರಬೇಕು. ಏನೂ ಹೇಳದೆ ಥಟ್ಟನೆ ಕತ್ತಲಾದರೆ ಆ ಸಮಯವೇ ಸಿಕ್ಕಿಲ್ಲ ಅಂತ ಅರ್ಥ. ಅಂಥದ್ದು ಸಾಮಾನ್ಯವಾಗಿ ವಿದ್ಯುತ್ ಕೈಕೊಟ್ಟಾಗ ಅಥವಾ ಪ್ರೊಸೆಸರ್ ಮಿತಿಮೀರಿ ಕಾದಾಗ ಆಗುತ್ತದೆ. ನಿಮಗೆ ಎರಡೂ ಬಗೆ ಆಗಿದೆ, ಆದರೆ ಥಟ್ಟನೆ ಆಫ್ ಆಗಿದ್ದೇ ಜಾಸ್ತಿ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಬಿಡಿಭಾಗಗಳು ವರ್ಷ ಕಳೆದಂತೆ ಒಣಗುತ್ತವೆ. ಬರೀ ಟೈಪ್ ಮಾಡುವಾಗ ಹೇಗೋ ತಡೆದುಕೊಳ್ಳುತ್ತದೆ. ದೊಡ್ಡ ಫೈಲ್ ತೆರೆದಾಗ, ಪಿಡಿಎಫ್ ಮಾಡುವಾಗ 12 ವೋಲ್ಟ್ ಇರಬೇಕಾದ ಲೈನ್ 11.4ಕ್ಕಿಂತ ಕೆಳಗೆ ಜಾರುತ್ತದೆ. ಒಮ್ಮೊಮ್ಮೆ ಅದರಿಂದಲೇ ರ‍್ಯಾಮ್ ತಪ್ಪಿ ನೀಲಿ ಪರದೆ, ಒಮ್ಮೊಮ್ಮೆ ನೇರ ಆಫ್. ಕೊನೆಗೆ ಒಂದು ದಿನ ಶುರುವಾಗುವುದಕ್ಕೂ ಶಕ್ತಿ ಸಾಲದೆ ಹೋಗುತ್ತದೆ. ನಿಮ್ಮ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೂ ಹೊಂದಿದ ಮಾತ್ರಕ್ಕೆ ಸಾಬೀತಾದಂತೆ ಅಲ್ಲ, ಅದಕ್ಕೇ ಕೆಳಗಿನ ಪರೀಕ್ಷೆಗಳು.

ಕ್ಯಾಬಿನೆಟ್ ಬಿಚ್ಚುವ ಮೊದಲು ಹೊರಗಿನಿಂದ ಶುರುಮಾಡಿ. ಯುಪಿಎಸ್ ಬಿಟ್ಟು ಗೋಡೆಯ ತ್ರೀ ಪಿನ್ ಸಾಕೆಟ್‌ಗೇ ನೇರ ಹಾಕಿ ಒಂದು ಸಲ ನೋಡಿ. ಮನೆಯ 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಮಾತ್ರ ಸತ್ತಿರುತ್ತದೆ. ಕರೆಂಟ್ ಒಂದು ಮಿಣುಕು ಮಿಣುಕಿದರೂ ಕಂಪ್ಯೂಟರ್ ಆಫ್. ಪರೀಕ್ಷೆ ಸುಲಭ. ಕಂಪ್ಯೂಟರ್ ಬದಲು ಹಳೆಯ 60 ವ್ಯಾಟ್ ಬಲ್ಬ್ ಒಂದನ್ನು ಯುಪಿಎಸ್‌ಗೆ ಹಾಕಿ, ಯುಪಿಎಸ್‌ನ ಪ್ಲಗ್ ಕೀಳಿ. ಬಲ್ಬ್ ಕೆಲವು ನಿಮಿಷವೂ ಉರಿಯದಿದ್ದರೆ ಬ್ಯಾಟರಿ ಬದಲಿಸಿ.

ಮಲೆನಾಡಿನ ಮನೆಗಳಲ್ಲಿ ಇನ್ವರ್ಟರ್ ಲೈನಿಗೇ ಕಂಪ್ಯೂಟರ್ ಹಾಕುವುದೂ ಉಂಟು. ಕರೆಂಟ್ ಹೋಗಿ ಇನ್ವರ್ಟರ್ ಕೈಗೆತ್ತಿಕೊಳ್ಳುವ ಆ ಸಣ್ಣ ಹೊತ್ತಿನಲ್ಲಿ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ಕಂಪ್ಯೂಟರನ್ನು ಹಿಡಿದಿಟ್ಟುಕೊಳ್ಳಬೇಕು. ಪೂರ್ತಿ ಲೋಡ್ ಇದ್ದಾಗ ಹೊಸ ಎಸ್‌ಎಂಪಿಎಸ್ ಕೂಡ ಹಿಡಿದಿಡಬೇಕಾದ್ದು ಬರೀ 16 ಮಿಲಿಸೆಕೆಂಡ್ ಆಸುಪಾಸು. ಹಳೆಯದು ಅಷ್ಟೂ ತಾಳುವುದಿಲ್ಲ. ಇನ್ವರ್ಟರ್ ಹಿಂದೆ ‘ಯುಪಿಎಸ್ ಮೋಡ್’ ಅಂತ ಒಂದು ಸ್ವಿಚ್ ಇದ್ದರೆ ಅದನ್ನೇ ಆರಿಸಿ, ಬದಲಾವಣೆ ಬೇಗ ಆಗುತ್ತದೆ.

ಅರ್ಥಿಂಗ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಆನ್ ಇದ್ದಾಗ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತಾ? ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತಿತ್ತಾ? ಹಾಗಿದ್ದರೆ ಆ ಸಾಕೆಟ್‌ನ ಅರ್ಥ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಮಧ್ಯದಲ್ಲಿ ಯಾರೋ ಟೂ ಪಿನ್ ಅಡಾಪ್ಟರ್ ಹಾಕಿದ್ದಾರೆ. ಎಸ್‌ಎಂಪಿಎಸ್‌ನ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ಥ್ ಇಲ್ಲದಿದ್ದರೆ ಕವಚ 230 ವೋಲ್ಟ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಕರೆಂಟ್ ತೀರಾ ಕಡಿಮೆ ಆದ್ದರಿಂದ ಜುಮ್ ಅನ್ನುವುದರಲ್ಲೇ ಮುಗಿಯುತ್ತದೆ. ಆದರೆ ಮಾನಿಟರ್, ಪ್ರಿಂಟರ್ ಕೇಬಲ್ ಚುಚ್ಚುವಾಗ ಅದೇ ವೋಲ್ಟೇಜ್ ಪೋರ್ಟ್‌ಗಳಿಗೆ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಫೇಸ್-ಅರ್ಥ್ ಮಧ್ಯೆ ಮತ್ತು ನ್ಯೂಟ್ರಲ್-ಅರ್ಥ್ ಮಧ್ಯೆ ಅಳೆಸಿ. ಮೊದಲನೆಯದು ಮನೆಯ ಸಪ್ಲೈ ವೋಲ್ಟೇಜ್‌ನಷ್ಟೇ ಇರಬೇಕು. ಎರಡನೆಯದು ಒಂದೆರಡು ವೋಲ್ಟ್ ಮೀರಬಾರದು.

ಹೊರಗೆ ಎಲ್ಲ ಸರಿ ಇದ್ದರೆ ಕೀಬೋರ್ಡ್, ಮೌಸ್, ಪ್ರಿಂಟರ್, ಪೆನ್ ಡ್ರೈವ್, ಲ್ಯಾನ್ ಎಲ್ಲ ಕಿತ್ತು ಒಮ್ಮೆ ಆನ್ ಮಾಡಿ. ಮುಂದಿನ ಯುಎಸ್‌ಬಿ ಪೋರ್ಟ್‌ಗಳ ಒಳಗೆ ಇಣುಕಿ. ಅಲ್ಲಿನ ಪಿನ್ ಬಾಗಿ ಲೋಹಕ್ಕೆ ತಾಗಿದ್ದರೆ ಅದೊಂದೇ ಸಾಕು ಕಂಪ್ಯೂಟರ್ ಆನ್ ಆದ ಕ್ಷಣ ಆಫ್ ಆಗಲು.

ಈಗ ಒಳಗೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್ ಮಲಗಿಸಿ, ಪಕ್ಕದ ಬಾಗಿಲು ತೆಗೆಯಿರಿ. ಏನನ್ನೂ ಕೀಳುವ ಮೊದಲು ಮೊಬೈಲ್‌ನಲ್ಲಿ ನಾಲ್ಕೈದು ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ತಲೆ ಕೆಡಿಸಿಕೊಳ್ಳುವುದು ಬೇಡ. ಒಳಗಿನ ಭಾಗ ಮುಟ್ಟುವ ಮುಂಚೆ ಪ್ರತಿ ಸಲ ಕ್ಯಾಬಿನೆಟ್‌ನ ಲೋಹ ಮುಟ್ಟಿ.

ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆ ಗೂಡು ಕಟ್ಟುತ್ತವೆ, ಹಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಬೋರ್ಡ್ ಮೇಲೆ ಹಲ್ಲಿ ಹಿಕ್ಕೆ ಬಿದ್ದು ಹಸಿಯಾದರೆ ಎರಡು ಪಿನ್‌ಗಳ ಮಧ್ಯೆ ಶಾರ್ಟ್ ಆಗಲು ಅಷ್ಟೇ ಸಾಕು. ಒಣ ಪೇಂಟ್ ಬ್ರಷ್‌ನಿಂದ ಧೂಳು ಸರಿಸಿ. ಬ್ಲೋವರ್ ಇದ್ದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಊದಿ. ಉರುಳೆಯಾಕಾರದ ಕೆಪಾಸಿಟರ್‌ಗಳ ನೆತ್ತಿ ಚಪ್ಪಟೆ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಏನೋ ಒಸರಿದ್ದರೆ ಬೋರ್ಡ್ ಮೇಲಿನ ಅನುಮಾನ ಬಲವಾಗುತ್ತದೆ. ಪ್ರೊಸೆಸರ್ ಮೇಲಿನ ಫ್ಯಾನ್ ಅಲ್ಲಾಡುತ್ತದೆಯಾ ನೋಡಿ. ಇಂಟೆಲ್‌ನ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಒಂದು ಕಳಚಿದರೂ ಕೂಲರ್ ಸರಿಯಾಗಿ ಕೂರುವುದಿಲ್ಲ. ಪ್ರೊಸೆಸರ್ ಬೇಗ 100 ಡಿಗ್ರಿ ಆಸುಪಾಸು ಕಾದು ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ.

ಇನ್ನು ರ‍್ಯಾಮ್. ಇಲ್ಲಿ ಅವಸರ ಮಾಡಬೇಡಿ. ಸ್ಲಾಟ್‌ನ ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ರ‍್ಯಾಮ್ ಕಡ್ಡಿ ಮೇಲೆ ಬರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆಲವು ಮಳೆಗಾಲ ಕಂಡ ರ‍್ಯಾಮ್‌ನಲ್ಲಿ ಅಲ್ಲಲ್ಲಿ ಮಂಕು ಕಲೆ ಕಾಣುತ್ತದೆ. ಮೆತ್ತಗಿನ ಬಿಳಿ ರಬ್ಬರ್‌ನಿಂದ ಪಟ್ಟಿಗಳ ಉದ್ದಕ್ಕೆ ಹಗುರವಾಗಿ ಉಜ್ಜಿ, ಅಡ್ಡಡ್ಡ ಬೇಡ. ರಬ್ಬರಿನ ಪುಡಿ ಸ್ಲಾಟ್‌ಗೆ ಬೀಳದಂತೆ ದೂರ ಕೂತು ಮಾಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ.

ಮತ್ತೆ ಹಾಕುವ ಮುಂಚೆ ಒಂದು ಪರೀಕ್ಷೆ ಇದೆ. ಅಂಗಡಿಯವರ ‘ಮದರ್‌ಬೋರ್ಡ್ ಹೋಗಿದೆ’ ಅನ್ನುವ ಮಾತಿಗೆ ಅರ್ಧ ಉತ್ತರ ಅದರಿಂದಲೇ ಸಿಗುತ್ತದೆ. ರ‍್ಯಾಮ್ ಒಂದೂ ಇಲ್ಲದೆ ಕಂಪ್ಯೂಟರ್ ಆನ್ ಮಾಡಿ. ಬೋರ್ಡ್‌ಗೆ ಪುಟ್ಟ ಸ್ಪೀಕರ್ ಚುಚ್ಚಿದ್ದರೆ ಅದು ಬೀಪ್ ಬೀಪ್ ಅಂತ ಕೂಗಬೇಕು. ಸ್ಪೀಕರ್ ಇಲ್ಲದಿದ್ದರೆ ಬಿಡಿಭಾಗದ ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಸಿಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಅಂಚಿನ ಹತ್ತಿರ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಸಣ್ಣ ದೀಪಗಳಿರುತ್ತವೆ. ರ‍್ಯಾಮ್ ಇಲ್ಲದಾಗ ಡಿರ‍್ಯಾಮ್ ದೀಪ ಉರಿಯಬೇಕು. ಹೀಗೆ ಕೂಗಿದರೆ ಅಥವಾ ದೀಪ ಉರಿದರೆ ‘ನನಗೆ ರ‍್ಯಾಮ್ ಸಿಗುತ್ತಿಲ್ಲ’ ಅಂತ ಬೋರ್ಡೇ ಹೇಳುತ್ತಿದೆ. ಹಾಗೆ ಹೇಳಬೇಕಾದರೆ ಪ್ರೊಸೆಸರ್ ಓಡುತ್ತಿರಬೇಕು, ಬಯಾಸ್ ಓದುತ್ತಿರಬೇಕು. ಅಂಥ ಬೋರ್ಡನ್ನು ಸತ್ತಿದೆ ಅನ್ನಲಾಗದು. ಬೀಪ್‌ಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಬೋರ್ಡ್‌ನ ಮ್ಯಾನ್ಯುಯಲ್‌ನಲ್ಲಿ ನೋಡಿ.

ಆಮೇಲೆ ಪ್ಲಗ್ ಕಿತ್ತು ಒಂದೇ ಕಡ್ಡಿ ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು. ‘ಟಕ್’ ಅನ್ನುವವರೆಗೆ ಒತ್ತಿ. ಹೆದರಿ ಅರ್ಧ ಒತ್ತುವವರೇ ಜಾಸ್ತಿ. ಒಂದು ಕಡ್ಡಿಯಲ್ಲಿ ಆಗದಿದ್ದರೆ ಇನ್ನೊಂದು, ಆಮೇಲೆ ಬೇರೆ ಸ್ಲಾಟ್. ಗ್ರಾಫಿಕ್ಸ್ ಕಾರ್ಡ್ ಇದ್ದು, ಬೋರ್ಡ್‌ನಲ್ಲೇ ಡಿಸ್‌ಪ್ಲೇ ಇದ್ದರೆ ಕಾರ್ಡ್ ಕಿತ್ತು ಬೋರ್ಡ್‌ಗೇ ಮಾನಿಟರ್ ಚುಚ್ಚಿ. ಡಿಸ್ಕ್‌ಗಳ ವೈರ್ ಕೂಡ ಕಿತ್ತಿರಲಿ. ಕೆಲಸಕ್ಕೆ ಬೇಕಾದ್ದಷ್ಟೇ ಇದ್ದರೆ ಅನುಮಾನಿಸಬೇಕಾದವರ ಸಂಖ್ಯೆ ಇಳಿಯುತ್ತದೆ.

ಇದೇ ಹಂತದಲ್ಲಿ ಬೋರ್ಡ್ ಮೇಲಿರುವ, ಬಯಾಸ್ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಸಿಮಾಸ್ ಬ್ಯಾಟರಿ ಬದಲಿಸಿಬಿಡಿ. ಅದು ಸಿಆರ್2032 ಅನ್ನುವ ನಾಣ್ಯದಂಥ 3 ವೋಲ್ಟ್ ಸೆಲ್, ಸಣ್ಣ ಊರಿನ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಳೆಯದನ್ನು ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕಿ. ಕೆಟ್ಟ ಸೆಟ್ಟಿಂಗ್ ಏನಾದರೂ ಉಳಿದಿದ್ದರೆ ಅಳಿಸಿಹೋಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಸಣ್ಣ ಕಾರಣ ಸಿಗುತ್ತದೆ, ತುಂಬ ಜನ ಅದನ್ನು ನೋಡುವುದೇ ಇಲ್ಲ. ಪವರ್ ಬಟನ್ ತೇವಕ್ಕೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಟನ್ ನಾಲ್ಕು ಸೆಕೆಂಡ್ ಒತ್ತಿಯೇ ಇದ್ದರೆ ಆಫ್ ಮಾಡು ಅಂತಲೇ ಬೋರ್ಡ್ ತಿಳಿಯುತ್ತದೆ. ‘ಪಿಡಬ್ಲ್ಯುಆರ್ ಎಸ್‌ಡಬ್ಲ್ಯು’ ಅಂತ ಬರೆದ ತೆಳ್ಳಗಿನ ವೈರ್ ಬೋರ್ಡ್‌ಗೆ ಬಂದಿರುತ್ತದೆ. ಅದನ್ನು ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ ಬಿಡಿ. ಕಂಪ್ಯೂಟರ್ ಆನ್ ಆಗಿ ಹಾಗೇ ಉಳಿದರೆ ತಪ್ಪು ಬಟನ್‌ನದ್ದು. ಮ್ಯಾನ್ಯುಯಲ್ ನೋಡಿ ಅದೇ ಎರಡು ಪಿನ್ ಅಂತ ಖಚಿತ ಮಾಡಿಕೊಂಡು ಮಾತ್ರ ಮಾಡಿ.

ಇಷ್ಟಾದರೂ ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಎಸ್‌ಎಂಪಿಎಸ್ ಬದಲಿಸಿ ನೋಡುವ ಸಮಯ ಬಂತು. ಹಸಿರು ವೈರನ್ನು ಕಪ್ಪು ವೈರ್‌ಗೆ ಪೇಪರ್ ಕ್ಲಿಪ್‌ನಿಂದ ಸೇರಿಸಿ ‘ಫ್ಯಾನ್ ತಿರುಗ್ತಿದೆ, ಎಸ್‌ಎಂಪಿಎಸ್ ಓಕೆ’ ಅನ್ನುವುದನ್ನು ನೀವು ಎಲ್ಲಾದರೂ ನೋಡಿರಬಹುದು. ಅದರಿಂದ ತಿಳಿಯುವುದು ಬಹಳ ಕಡಿಮೆ. ಲೋಡ್ ಇಲ್ಲದೆ ಫ್ಯಾನ್ ತಿರುಗಿಸುವುದಕ್ಕೆ ಸೋತ ಎಸ್‌ಎಂಪಿಎಸ್‌ಗೂ ಆಗುತ್ತದೆ. ಪರಿಚಯದವರ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಒಂದು ದಿನಕ್ಕೆ ತಂದು ಹಾಕಿ ನೋಡುವುದೇ ನಿಜವಾದ ಪರೀಕ್ಷೆ. 24 ಪಿನ್‌ನ ದೊಡ್ಡ ಕನೆಕ್ಟರ್ ಜೊತೆಗೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್‌ನದ್ದನ್ನೂ ಮರೆಯದೆ ಚುಚ್ಚಿ.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಅಥವಾ ಅದಕ್ಕೂ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಪ್ರಾಣಕ್ಕೆ ಅಪಾಯ. ಹೊಸದು ಕೊಳ್ಳುವಾಗ ಮೇಲೆ ಬರೆದ ವ್ಯಾಟ್ ಒಂದನ್ನೇ ನಂಬಬೇಡಿ, 80 ಪ್ಲಸ್ ಎಂಬ ದಕ್ಷತೆಯ ಗುರುತು ಇರುವ, ವಾರಂಟಿ ಇರುವ 450 ವ್ಯಾಟ್‌ನದ್ದು ನಿಮ್ಮ ಕೆಲಸಕ್ಕೆ ಧಾರಾಳ.

ಹೊಸ ಎಸ್‌ಎಂಪಿಎಸ್, ಪರೀಕ್ಷಿಸಿದ ರ‍್ಯಾಮ್ ಎರಡೂ ಇದ್ದು ಬೀಪ್ ಇಲ್ಲ, ದೀಪ ಇಲ್ಲ, ಪರದೆ ಇಲ್ಲ ಅಂದರೆ ಮಾತ್ರ ಬೋರ್ಡ್ ಅಥವಾ ಪ್ರೊಸೆಸರ್. ಪ್ರೊಸೆಸರ್ ಕೆಡುವುದು ಅಪರೂಪ. ಏಳು ವರ್ಷದ ಯಂತ್ರಕ್ಕೆ ಹಳೆಯ ಬೋರ್ಡ್ ಹುಡುಕಿ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರಿಂದೀಚಿನದು ಬೇಕು. ನಿಮ್ಮದು ಏಳನೆಯದೋ ಎಂಟನೆಯದೋ ಅಂತ ಬಿಲ್ ನೋಡಿ ತೀರ್ಮಾನಿಸಿ.

ಸರಿ, ಪರದೆ ಬಂತು ಅಂತ ಇಟ್ಟುಕೊಳ್ಳೋಣ. ಕೂಡಲೇ ಬಾಕಿ ಕೆಲಸಕ್ಕೆ ಕೂರಬೇಡಿ. ಡಿಸ್ಕ್ ಜೋಡಿಸಿ, ಮೊದಲು ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿ. ನಿಮ್ಮ ಕೆಲಸಕ್ಕೆ ಡಾಕ್ಯುಮೆಂಟ್ಸ್ ಫೋಲ್ಡರ್ ಒಂದೇ ಸಾಲದು. ಹಳೆಯ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲ್ ತೆರೆಯಲು ಆ ಫಾಂಟ್ ಇರಲೇಬೇಕು. ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲ್ ಕೆಟ್ಟೇ ಹೋಯಿತು ಅಂತ ಅಳಿಸಿದವರಿದ್ದಾರೆ. ಫೈಲ್ ಸರಿಯಾಗೇ ಇರುತ್ತದೆ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿ. ಪೇಜ್‌ಮೇಕರ್ ಬಳಸುತ್ತಿದ್ದರೆ ಪುಟಗಳಿಗೆ ಲಿಂಕ್ ಆದ ಚಿತ್ರಗಳಿರುವ ಫೋಲ್ಡರ್‌ಗಳೂ ಬೇಕು.

ನಕಲು ಮಾಡುವಾಗ ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಅಂಥ ಡಿಸ್ಕ್ ಮೇಲೆ ವಿಂಡೋಸ್‌ನ ಡಿಸ್ಕ್ ಪರೀಕ್ಷೆಯಾದ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕ್‌ಗೆ ಇನ್ನಷ್ಟು ಕೆಲಸ ಕೊಡುತ್ತದೆ, ಫೈಲ್ ಉಳಿಸುವುದು ಅದರ ಉದ್ದೇಶವೂ ಅಲ್ಲ. ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ.

ಕಂಪನಿ ಹೆಸರು ಬಂದು, ವಿಂಡೋಸ್ ಮಾತ್ರ ತೆರೆಯದಿದ್ದರೂ ಗಾಬರಿ ಬೇಡ. ಎರಡು ಮೂರು ಸಲ ಸತತವಾಗಿ ಶುರುವಾಗದೆ ಹೋದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯದ್ದಷ್ಟೇ ಇಟ್ಟುಕೊಂಡು ವಿಂಡೋಸ್ ತೆರೆಯುವ ಬಗೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ಕೀ ಕೇಳಿದರೆ, ಕಂಪ್ಯೂಟರ್‌ಗೆ ಮೈಕ್ರೋಸಾಫ್ಟ್ ಖಾತೆ ಹಾಕಿದ್ದಲ್ಲಿ ಆ ಖಾತೆಯಲ್ಲಿ ಹುಡುಕಿ. ಅದೂ ಆಗದಿದ್ದರೆ ಉಬುಂಟುವಿನಂಥ ಲಿನಕ್ಸ್ ಅನ್ನು ಪೆನ್ ಡ್ರೈವ್‌ನಿಂದಲೇ ಓಡಿಸಿ ಫೈಲ್ ತೆಗೆಯಬಹುದು. ಇನ್‌ಸ್ಟಾಲ್ ಒತ್ತದೆ ‘ಟ್ರೈ’ ಆರಿಸಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಸಾಲು ನಿಂತರು. ಅವನ್ನು ಸರಿಮಾಡಿದ ದಾರಿಗಳಲ್ಲಿ ಮುಖ್ಯವಾದದ್ದು ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಅದಕ್ಕೆ ಯಾರೂ ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

ಎಲ್ಲ ಸರಿಹೋದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಬೇಡ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಸಾಲುಸಾಲು ಕಂಡರೆ ಹೆದರಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಯಿತು ಅಂತಷ್ಟೇ ಅದರ ಅರ್ಥ. ಯಾಕೆ ಆಯಿತು ಅಂತ ಅದು ಹೇಳುವುದಿಲ್ಲ.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಡಿ. ಬೋರ್ಡ್, ಎಸ್‌ಎಂಪಿಎಸ್, ರ‍್ಯಾಮ್ ಪರೀಕ್ಷಿಸಲು ಡಿಸ್ಕ್ ಬೇಕಿಲ್ಲ, ಬಯಾಸ್ ಪರದೆ ತೋರಿಸಿದರೆ ಸಾಕು ಅಂತ ಹೇಳಿ. ಏನಾದರೂ ಬದಲಿಸಿದರೆ ಹಳೆಯ ಭಾಗ ವಾಪಸ್ ಕೇಳಿ ಪಡೆಯಿರಿ. ರ‍್ಯಾಮ್ ಇಲ್ಲದೆ ಆನ್ ಮಾಡಿದಾಗ ಬೀಪ್ ಬಂತಾ, ಎಷ್ಟು ಬಂತು, ಉದ್ದವೋ ಗಿಡ್ಡವೋ, ಬೋರ್ಡ್‌ನ ಮಾಡೆಲ್ ಯಾವುದು ಅಂತ ಬರೆದು ಕಳಿಸಿ. ಅಲ್ಲಿಂದ ಮುಂದಕ್ಕೆ ಏನು ಮಾಡಬೇಕು ಅಂತ ಹೇಳುತ್ತೇನೆ.